ಚಿಕ್ಕಕ್ಷರದಲ್ಲಿದ್ದ ಮುನ್ನೂರ ಹನ್ನೆರಡು ಹೆಸರು

ಟಾರ್ಚ್ ಆರ್ಸಪ್ಪ ಮೊದ್ಲು, ಕಣ್ಣಿಗೆ ಹೊಡೀತಿದೆ. ಕರೆಂಟ್ ಬರೋವರೆಗೂ ಹೇಳ್ತೀನಿ, ಬಂದ್ಮೇಲೆ ಕೇಳ್ಬೇಡಿ. ಬೆಳಕಲ್ಲಿ ಈ ಕತೆ ಹೇಳೋಕೆ ಹೋದ್ರೆ ಹೆದರಿಕೆ ಹೋಗಿ ಬರೀ ಸಿಟ್ಟೇ ಉಳ್ಕೊಳ್ಳುತ್ತೆ ನನಗೆ. ಈಗ್ಲೂ ಸಿಟ್ಟೇ ಜಾಸ್ತಿ ಅನ್ನಿ. ದೆವ್ವಗಳ ಮೇಲಲ್ಲ... ಬದುಕಿರೋ ಒಬ್ಬನ ಮೇಲೆ.

ನಮ್ಮ ಚಿಕ್ಕಪ್ಪನ ಮಗಳು ಶಿರೀಷಾ ಗೊತ್ತಲ್ಲ? ಅವಳಿಗೆ ಆಗಿದ್ದು ಇದು. ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ಅಲ್ಲ. ಅರ್ಧ ಅವಳ ಬಾಯಿಂದ ಕೇಳಿದ್ದು, ಕಾಲು ಭಾಗ ಕದಿರಮ್ಮನ ಬಾಯಿಂದ. ಇನ್ನು ಕಾಲು ಭಾಗ ನಾನೇ ಕಣ್ಣಾರೆ ಕಂಡಿದ್ದು. ಟಪಾಲು ಹಂಚೋ ಈ ಬಯ್ಯಪ್ಪ ಹತ್ತೊಂಬತ್ತು ವರ್ಷದಲ್ಲಿ ಒಂದು ಕಾಗದ ತಪ್ಪು ಮನೆಗೆ ಕೊಟ್ಟೋನಲ್ಲ. ತಪ್ಪು ಮಾತೂ ಆಡಲ್ಲ.

ಹೋದ ವರ್ಷ. ಗಣೇಶನ ಹಬ್ಬ ಮುಗಿದು ಪಿತೃಪಕ್ಷ ಶುರುವಾಗಿತ್ತು. ರಾತ್ರಿ ಎಂಟೂಕಾಲು.

ಶಿರೀಷಾ ಶಿಡ್ಲಘಟ್ಟದಲ್ಲಿ ಆಫೀಸು ಬಿಟ್ಟು ಬಸ್ ಸ್ಟಾಂಡಿಗೆ ಹೊರಟಿದ್ದಾಳೆ. ಜಂಗಮಕೋಟೆಗೆ ಬರೋ ಬಸ್ಸು ಎಂಟೂವರೆಗೆ. ಅದು ತಪ್ಪಿದ್ರೆ ಆಟೋದೋರು ಕೇಳಿದ್ದೇ ರೇಟು. ಅದಕ್ಕೇ ಅಡ್ಡದಾರಿ ಹಿಡಿದಳು. ರೇಷ್ಮೆ ನೂಲು ತೆಗೆಯೋ ಶೆಡ್ಡುಗಳ ಹಿಂದೆ ಒಂದು ಓಣಿ ಇದೆ. ಅಲ್ಲೊಂದು ಹಾಳು ಬಾವಿ. ಬಾವಿ ಮೇಲೆ ಬಗ್ಗಿರೋ ಆಲದ ಮರ. ಬೆಂದ ಗೂಡಿನ ವಾಸನೆ ಮೂಗಿಗೆ ಹೊಡೀತಿರುತ್ತೆ, ಹಗಲಲ್ಲೂ ಅಲ್ಲಿ ಜನ ಕಮ್ಮಿ.

ಬಾವಿ ಹತ್ರ ಬಂದಳು... ಹಿಂದೆ ಸದ್ದು.

ಚಿರ್... ಟಕ್.

ಚಿರ್... ಟಕ್.

ಸೈಕಲ್ ತಳ್ಕೊಂಡು ಬರೋ ಸದ್ದು. ಸೊಟ್ಟಗಾದ ಚಕ್ರ ಬ್ರೇಕಿಗೆ ತಾಗ್ತಿದೆ, ಒಂದು ಸುತ್ತಿಗೆ ಒಂದ್ಸಲ. ಇವಳು ನಿಂತ್ರೆ ಅದೂ ನಿಲ್ಲುತ್ತೆ. ನಡೆದ್ರೆ ಅದೂ ನಡೆಯುತ್ತೆ.

ಇರಿ. ಇಲ್ಲಿ ನಿಲ್ಲಿಸಿ ಒಂದು ವಿಷಯ ಹೇಳ್ಬೇಕು, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ.

ಅವಳು ಕೆಲಸ ಮಾಡೋದು ರೇಷ್ಮೆ ಬೆಳೆಗಾರರ ಒಂದು ಸಂಘದಲ್ಲಿ. ಯಾವ ಸಂಘ ಅಂತ ಕೇಳ್ಬೇಡಿ. ನಾಲ್ಕು ಸಾವಿರ ಚಿಲ್ಲರೆ ಸದಸ್ಯರು. ವರ್ಷಕ್ಕೊಂದು ಸಭೆ. ಸಭೆಗೆ ಬನ್ನಿ ಅಂತ ಎಲ್ಲರಿಗೂ ಪೋಸ್ಟಲ್ಲಿ ಕಾಗದ ಹೋಗುತ್ತೆ, ಮೇಲೆ ಹೆಸರು ವಿಳಾಸದ ಚೀಟಿ ಅಂಟಿಸಿ. ಆ ಹೆಸರುಗಳ ಪಟ್ಟಿ ಕಂಪ್ಯೂಟರಲ್ಲಿ, ಇಂಗ್ಲಿಷಲ್ಲಿ. ಹದಿನೈದು ವರ್ಷದಿಂದ ಬಂದೋರು ಹೋದೋರು ಎಲ್ಲಾ ಟೈಪ್ ಮಾಡಿದ್ದು. ಒಂದು ಹೆಸರು ಪೂರ್ತಿ ದೊಡ್ಡ ಎಬಿಸಿಡಿ. ಇನ್ನೊಂದು ಪೂರ್ತಿ ಚಿಕ್ಕದು. ಮತ್ತೊಂದರಲ್ಲಿ ಮೊದಲಕ್ಷರ ಚಿಕ್ಕದು, ನಡುವೆ ಎಲ್ಲೋ ಒಂದು ದೊಡ್ಡದು ತಲೆ ಎತ್ಕೊಂಡು ನಿಂತಿರುತ್ತೆ. ನಾನು ದಿನಾ ನೋಡೋನು, ನನಗೆ ಗೊತ್ತಿಲ್ವಾ?

ಒಬ್ಬ ಡೈರೆಕ್ಟರಿಗೆ ಹೋದ ಕಾಗದದಲ್ಲಿ ಅವನ ಹೆಸರು ಅರ್ಧ ಚಿಕ್ಕದು ಅರ್ಧ ದೊಡ್ಡದು ಬಂತಂತೆ. ಮರ್ಯಾದೆ ಹೋಯ್ತು ಅಂತ ಮೀಟಿಂಗಲ್ಲಿ ಟೇಬಲ್ ಕುಟ್ಟಿದ. ಸಂಘದ ಕಾರ್ಯದರ್ಶಿ ರಮೇಶ್‌ಬಾಬು ಆ ಏಟನ್ನ ಹಂಗೇ ತಂದು ಶಿರೀಷಾ ತಲೆ ಮೇಲೆ ಹಾಕಿದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. "ನಾಲ್ಕು ಸಾವಿರ ಹೆಸರೂ ಒಂದೇ ಥರ ಇರ್ಬೇಕು. ಮೊದಲಕ್ಷರ ದೊಡ್ಡದು, ಮಿಕ್ಕಿದ್ದು ಚಿಕ್ಕದು. ಸಭೆಗೆ ಮುಂಚೆ ಆಗ್ಬೇಕು" ಅಂದ.

ಈ ರಮೇಶ್‌ಬಾಬು ನಮ್ಮ ಜಂಗಮಕೋಟೆಯೋನೇ, ಸಂಘದ ಸದಸ್ಯಾನೂ ಹೌದು. ದೊಡ್ಡ ರಸ್ತೇಲಿ ಮಹಡಿ ಮನೆ, ಮುಂದೆ ಹಸಿರು ಗೇಟು. ದಿನಾ ಕಾರಲ್ಲಿ ಒಬ್ಬನೇ ಹೋಗ್ತಾನೆ, ಒಬ್ಬನೇ ಬರ್ತಾನೆ. ಒಂದೇ ಊರಿನ ಹುಡುಗೀನ ರಾತ್ರಿ ಎಂಟು ಗಂಟೆವರೆಗೂ ಕೆಲಸಕ್ಕೆ ಕೂರಿಸ್ಕೊಂಡು, ಬಾಮ್ಮ ಊರಲ್ಲಿ ಇಳಿಸ್ತೀನಿ ಅಂತ ಒಂದು ದಿನ ಅಂದೋನಲ್ಲ. ಥೂ.

ಶಿರೀಷಾ ಮೂರು ವಾರ ಕೂತು ಮಾಡಿದಳು. ಕಂಪ್ಯೂಟರಲ್ಲಿ ಅದೇನೋ ಫಾರ್ಮುಲಾ ಹಾಕಿದ್ರೆ ಎಲ್ಲಾ ಒಂದೇ ಏಟಿಗೆ ಸರಿಯಾಗುತ್ತಂತೆ. ಆದ್ರೆ ಇನಿಷಿಯಲ್ಲು, ತಂದೆ ಹೆಸರು, ಗಂಡನ ಹೆಸರು, ಊರ ಹೆಸರು ಎಲ್ಲಾ ಒಂದಕ್ಕೊಂದು ಅಂಟ್ಕೊಂಡಿರ್ತಾವಲ್ಲ, ಅವನ್ನ ಒಂದೊಂದಾಗಿ ಬಿಡಿಸ್ಬೇಕು. ಕಣ್ಣು ಕೆಂಪಾಗೋಗ್ತಿತ್ತು ಹುಡುಗೀದು. ಅವಳ ಕೆಲಸ ಖಾಯಂ ಆಗೋಕೆ ಇನ್ನೆರಡೇ ತಿಂಗಳು ಬಾಕಿ ಇತ್ತು. ಅದಕ್ಕೇ ಹಲ್ಲು ಕಚ್ಚಿಕೊಂಡಿದ್ದಳು.

ಹಂಗೆ ಮಾಡುವಾಗ ಒಂದು ವಿಚಿತ್ರ ಕಂಡಳು. ಪೂರ್ತಿ ಚಿಕ್ಕಕ್ಷರದಲ್ಲಿದ್ದ ಹೆಸರುಗಳು ಮುನ್ನೂರ ಹನ್ನೆರಡು. ಅವುಗಳಲ್ಲಿ ಒಂದು ತಪ್ಪಿಲ್ಲ. ಇನಿಷಿಯಲ್ ಬಿಡಿಬಿಡಿಯಾಗಿ, ವಿಳಾಸ ನೀಟಾಗಿ. ಸೋಮಾರಿ ಮಾಡಿದ ಕೆಲಸದ ಥರ ಇರ್ಲಿಲ್ಲ. ಹೋಗಿ ಕೇಳಿದಳು.

"ಸಾರ್, ಇವು ಮಾತ್ರ ಯಾಕೆ ಹಿಂಗಿವೆ?"

ರಮೇಶ್‌ಬಾಬು ಫೋನಿಂದ ತಲೆ ಎತ್ಲಿಲ್ಲ. "ಹಳೇ ಕ್ಲರ್ಕ್ ಮುಖ್ತಾರ್ ಮಾಡಿರ್ತಾನೆ. ಅವನಿಗೆ ಎರಡು ಬಟನ್ ಒಟ್ಟಿಗೆ ಒತ್ತೋಕೂ ಬೇಜಾರು. ಎಲ್ಲಾ ಒಂದೇ ಥರ ಮಾಡಮ್ಮ ಅಂದ್ರೆ ಮಾಡು, ಪ್ರಶ್ನೆ ಕೇಳ್ಬೇಡ."

ಮುಖ್ತಾರ್ ಸಾಬ್ರನ್ನ ಶಿರೀಷಾ ನೋಡಿದೋಳಲ್ಲ. ಹದಿನಾಲ್ಕು ವರ್ಷ ಆ ಕಂಪ್ಯೂಟರ್ ಮುಂದೆ ಕೂತಿದ್ದ ಮನುಷ್ಯ. ಇವಳು ಸೇರೋಕೆ ಹದಿನೈದು ದಿನ ಮುಂಚೆ, ರಂಜಾನ್ ಆದ ಮೂರನೇ ದಿನ, ಎದೆ ನೋವು ಅಂತ ಮಲಗಿದೋರು ಏಳಲಿಲ್ಲ.

ಸರಿ, ಸಾಹೇಬರು ಹೇಳಿದ್ರಲ್ಲ. ಅವತ್ತು ಸಂಜೆ ಆ ಮುನ್ನೂರ ಹನ್ನೆರಡನ್ನೂ ಒಂದೇ ಸಲಕ್ಕೆ ಸರಿ ಮಾಡಿ, ನಾಲ್ಕು ಸಾವಿರ ಚೀಟಿ ಪ್ರಿಂಟಿಗೆ ಹಾಕಿ, ಮುಗಿಸಿ ಹೊರಟಳು.

ಈಗ ಬಾವಿ ಹತ್ರ ಬನ್ನಿ.

ಚಿರ್... ಟಕ್.

"ಯಾರು?" ಅಂದಳು.

"ಮುಂದೆ ನೋಡ್ಕೊಂಡು ನಡಿ ಬೇಟಿ... ತಿರುಗ್ಬೇಡ."

ವಯಸ್ಸಾದ ಗಂಡಸಿನ ದನಿ. ಪಿಸುಮಾತು. ಆದ್ರೆ ಸಿಟ್ಟು ತಡ್ಕೊಂಡು ಮಾತಾಡೋರ ಪಿಸುಮಾತು ಇರುತ್ತಲ್ಲ, ಅದು.

"ಪಟ್ಟಿ ಸರಿ ಮಾಡಿದ್ಯಾ?"

"ಯಾವ ಪಟ್ಟಿ?"

"ಸಂಘದ್ದು."

"...ಮಾಡಿದೆ."

"ಚಿಕ್ಕಕ್ಷರದ್ದೂ?"

"ಎಲ್ಲಾನೂ ಮಾಡಿದೆ."

ಸೈಕಲ್ ನಿಂತುಬಿಡ್ತು. ಆಲದ ಎಲೆ ಒಂದೂ ಅಲ್ಲಾಡ್ತಿಲ್ಲ. ಬಾವಿ ಒಳಗೆ ನೀರಿಲ್ಲ, ಎಷ್ಟೋ ವರ್ಷ ಆಯ್ತು. ಆದ್ರೂ ಒಳಗಿಂದ ತೊಟ್ಟು ತೊಟ್ಟಾಗಿ ನೀರು ಬಿದ್ದಂಗೆ... ಪ್ಳಕ್... ಪ್ಳಕ್...

"ಅವರೆಲ್ಲಾ ತೀರ್ಕೊಂಡೋರು" ಅಂತು ದನಿ. "ಬದುಕಿದ್ದಾರಾ ಹೋಗಿದ್ದಾರಾ ಅಂತ ಬರೆಯೋಕೆ ಆ ಕಂಪ್ಯೂಟರಲ್ಲಿ ಜಾಗಾನೇ ಇರ್ಲಿಲ್ಲ. ಹೆಸರು ಅಳಿಸೋ ಹಂಗಿಲ್ಲ, ನಾಳೆ ಮಕ್ಕಳು ಬಂದು ಸದಸ್ಯರ ನಂಬರ್ ಕೇಳ್ತಾರೆ. ಅದಕ್ಕೇ ಯಾರು ಹೋದ್ರೂ ಅವರ ಹೆಸರನ್ನ ಚಿಕ್ಕಕ್ಷರ ಮಾಡಿ ಮಲಗಿಸ್ತಿದ್ದೆ. ಒಬ್ಬೊಬ್ಬರನ್ನೇ. ಹದಿನಾಲ್ಕು ವರ್ಷ. ಮಲಗಿರೋರಿಗೆ ಚೀಟಿ ತೆಗೀತಿರ್ಲಿಲ್ಲ. ನೀನು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸ್ಬಿಟ್ಟೆ."

"ನಂಗೆ ಯಾರೂ ಹೇಳ್ಲಿಲ್ಲ" ಅಂದಳು ಅಳು ದನೀಲಿ.

"ನಿಮ್ಮ ಸಾಹೇಬನಿಗೆ ಹೇಳಿದ್ದೆ! ಅವನ ಎದುರಿಗೇ ನಿಂತು ಹೇಳಿದ್ದೆ!" ಒಂದೇ ಸಲ ಜೋರಾಯ್ತು ದನಿ. ಸೈಕಲ್ ಬೆಲ್ಲು ತಾನಾಗೇ ಒಂದ್ಸಲ... ಟ್ರಿಣ್. ಆಮೇಲೆ ಮತ್ತೆ ಪಿಸುಮಾತು. "ಪಿತೃಪಕ್ಷದಲ್ಲಿ ತೀರ್ಕೊಂಡ ನಿಮ್ಮೋರನ್ನ ಹೆಸರು ಹಿಡಿದು ಕರೀತೀರಲ್ಲ, ಕರೆದ್ರೆ ಏನು ಮಾಡ್ತೀರ?"

"ಎಡೆ ಇಡ್ತೀವಿ."

"ಆಮೇಲೆ?"

"ಕಳಿಸಿಕೊಡ್ತೀವಿ."

"ನೀವು ಎಡೆ ಇಲ್ದೆ ಕರೀತಿದ್ದೀರ. ಪೋಸ್ಟಿಗೆ ಹಾಕ್ಬೇಡ ಬೇಟಿ."

ಅಷ್ಟರಲ್ಲಿ ಓಣಿ ಕೊನೇಲಿ ಒಂದು ಆಟೋ ತಿರುಗಿ ಬೆಳಕು ಬಿತ್ತು. ಶಿರೀಷಾ ತಡೀಲಾರ್ದೆ ತಿರುಗಿಬಿಟ್ಟಳು. ಒಂದು ಕ್ಷಣ ಅಷ್ಟೇ. ಹಳೇ ಸೈಕಲ್ಲು. ಹ್ಯಾಂಡಲ್ಲಿಗೆ ಹಸಿರು ಬಟ್ಟೆ ಚೀಲ. ಕನ್ನಡಕದ ಒಂದು ಕಡ್ಡಿಗೆ ಬಿಳೀ ಪ್ಲಾಸ್ಟರ್ ಸುತ್ತಿತ್ತು. ಬೆಳಕು ಮುಂದೆ ಹೋಯ್ತು... ಅಲ್ಲಿ ಏನೂ ಇರ್ಲಿಲ್ಲ.

ಬಸ್ಸಲ್ಲಿ ಹೆಂಗೆ ಬಂದಳೋ ಅವಳಿಗೇ ಗೊತ್ತಿಲ್ಲ. ರಾತ್ರಿಯೆಲ್ಲಾ ಜ್ವರ.

ಆದ್ರೂ ಬೆಳಗ್ಗೆ ಎದ್ದು ಹೋದಳು ನೋಡಿ, ಅದು ಅವಳ ಗಟ್ಟಿತನ. ನೇರ ರಮೇಶ್‌ಬಾಬು ರೂಮಿಗೆ ಹೋಗಿ, "ಸಾರ್, ಆ ಮುನ್ನೂರ ಹನ್ನೆರಡು ಜನ ತೀರ್ಕೊಂಡೋರಂತೆ, ಅವರ ಕಾಗದ ಎತ್ತಿಡೋಣ" ಅಂದಳು.

"ಯಾರು ಹೇಳಿದ್ದು?"

"ಹೆಸರು ಹೇಳ್ಲಿಲ್ಲ ಸಾರ್. ಸೈಕಲ್ಲು, ಹಸಿರು ಚೀಲ, ಕನ್ನಡಕಕ್ಕೆ ಬಿಳೀ ಪ್ಲಾಸ್ಟರು..."

ರಮೇಶ್‌ಬಾಬು ಮುಖ ಸುಣ್ಣ ಆಯ್ತಂತೆ. ಆ ಪ್ಲಾಸ್ಟರ್ ಕನ್ನಡಕ ಅವನು ಹದಿನಾಲ್ಕು ವರ್ಷ ನೋಡಿದೋನು. ಒಂದು ಲೋಟ ನೀರು ಕುಡಿದ. ಆಮೇಲೆ ಅಂದ ಮಾತು ಕೇಳಿ, ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತೆ.

"ರಾತ್ರಿಯೇ ಹುಡುಗರನ್ನ ಕೂರಿಸಿ ಚೀಟಿ ಅಂಟ್ಸಿ ಆಗಿದೆ. ನಾಲ್ಕು ಸಾವಿರದಲ್ಲಿ ಹುಡುಕ್ತಾ ಕೂತ್ರೆ ಎರಡು ದಿನ ಬೇಕು. ಸತ್ತೋರೇನು ಓದ್ತಾರಾ? ಹಾಕಮ್ಮ ಪೋಸ್ಟಿಗೆ."

ಹೋಯ್ತು ಪೋಸ್ಟಿಗೆ.

ಗುರುವಾರ ನನ್ನ ಚೀಲಕ್ಕೆ ಬಂದ್ವು. ವಿಂಗಡಿಸ್ತಾ ಇದ್ದೀನಿ... ಕೈ ನಿಂತೋಯ್ತು. ರಾಮಾಂಜಿನಪ್ಪ. ಇವರ ಮಣ್ಣಿಗೆ ನಾನೇ ಹೋಗಿದ್ದೆ. ವೆಂಕಟರತ್ನಮ್ಮ. ಇವರ ಹನ್ನೊಂದನೇ ದಿನ ಊಟ ಮಾಡಿದ್ದೆ. ನಲ್ಲಪ್ಪ... ಹದಿನೆಂಟು ಕಾಗದ, ಹದಿನೆಂಟೂ ಸತ್ತೋರಿಗೆ. ಎಲ್ಲಾ ಹೆಸರೂ ಅಚ್ಚುಕಟ್ಟಾಗಿ, ಮೊದಲಕ್ಷರ ದೊಡ್ಡದು. ಹದಿನೇಳರ ಮೇಲೆ ಕೆಂಪು ಪೆನ್ನಲ್ಲಿ 'ಮೃತರು, ವಾಪಸ್' ಅಂತ ಬರೆದೆ. ಹದಿನೆಂಟನೇದು ಹಂಚೋ ಕಟ್ಟಿಗೇ ಸೇರಿಹೋಗಿ ನನ್ನ ಕೈ ತಪ್ಪಿತು.

ಪಕ್ಕದ ಹಳ್ಳಿ ಕದಿರಮ್ಮ. ಜಗುಲಿ ಮೇಲೆ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ತಿದ್ದರು. ಅವರ ಒಬ್ಬನೇ ಮಗ ಹರಿಕೃಷ್ಣ ಮೂರು ವರ್ಷದ ಹಿಂದೆ ಬೈಕಲ್ಲಿ ಗೂಡು ಮಾರ್ಕೆಟ್ಟಿಗೆ ತಗೊಂಡು ಹೋಗುವಾಗ ಟಿಪ್ಪರ್ ಹೊಡೆದು ಹೋದ. ಇಪ್ಪತ್ತೇಳು ವರ್ಷ ಹುಡುಗನಿಗೆ. ಆಯಮ್ಮನಿಗೆ ಓದು ಬರಲ್ಲ. ಆದ್ರೆ ಮಗ ಬೈಕಿನ ಟ್ಯಾಂಕ್ ಮೇಲೆ ಇಂಗ್ಲಿಷಲ್ಲಿ ಹೆಸರು ಬರೆಸಿದ್ದ, ಆ ಅಕ್ಷರದ ಗುರುತು ಮಾತ್ರ ಕಣ್ಣಲ್ಲಿ ಕೂತುಬಿಟ್ಟಿದೆ. ನನ್ನ ಕೈಲಿದ್ದ ಕಟ್ಟಿನ ಮೇಲೇ ಆ ಕಾಗದ ಇತ್ತು.

"ಅದು ನನ್ನ ಮಗನ ಹೆಸರಲ್ವಾ ಬಯ್ಯಪ್ಪ?"

ಬಚ್ಚಿಡೋಕೆ ಹೋದೆ. ಕಿತ್ಕೊಂಡ್ರು. "ಓದು" ಅಂದ್ರು. ಓದಿದೆ. 'ತಾವು ಕುಟುಂಬ ಸಮೇತ ತಪ್ಪದೇ ಆಗಮಿಸಬೇಕು.'

ಅಳಲಿಲ್ಲ ಆಯಮ್ಮ. ಸೊಪ್ಪಿನ ಕತ್ತಿ ಕೆಳಗಿಟ್ಟು, ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಮುಖ ನೋಡಿ ನಾನು ಗಾಡಿ ಹತ್ತೋದೇ ಮರೆತು ತಳ್ಕೊಂಡು ಬಂದೆ.

ಶನಿವಾರ, ಸಭೆಯ ಹಿಂದಿನ ದಿನ. ಬೆಳಗ್ಗೆ ಅವರ ಮನೇಲಿ ಮಗನಿಗೆ ಎಡೆ ಇಟ್ಟಿದ್ರಂತೆ. ಆ ಎಡೆಯ ಅನ್ನ, ಸಾರು, ವಡೆ ಎಲ್ಲಾ ಒಂದು ಡಬ್ಬಿಗೆ ತುಂಬ್ಕೊಂಡು ಬಸ್ ಹತ್ತಿ ಮಧ್ಯಾಹ್ನ ಮೂರು ಗಂಟೆಗೆ ಸಂಘದ ಆಫೀಸಿಗೆ ಬಂದ್ರು. ಅಲ್ಲಿ ಆಗ್ಲೇ ವಾಪಸ್ ಬಂದ ಕಾಗದಗಳ ರಾಶಿ, ಎಲ್ಲಾ ನಮ್ಮ ಪೋಸ್ಟ್‌ಮ್ಯಾನ್‌ಗಳ ಕೈಬರಹ.

"ನನ್ನ ಕೊಡುಕನ್ನ, ನನ್ನ ಮಗನ್ನ ಕರೆದೋರು ಯಾರು?" ಅಂದ್ರು ಬಾಗಿಲಲ್ಲೇ ನಿಂತು.

ರಮೇಶ್‌ಬಾಬು ಒಂದು ಕ್ಷಣಾನೂ ಯೋಚ್ನೆ ಮಾಡ್ಲಿಲ್ಲ. ಬೆರಳು ತೋರಿಸಿಬಿಟ್ಟ. "ಈ ಹುಡುಗಿ ಕಣಮ್ಮ. ಯಾರನ್ನೂ ಕೇಳ್ದೆ ತಾನೇ ಮಾಡಿದಾಳೆ."

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!

ಕದಿರಮ್ಮ ಬೈದ್ರು ಕಣ್ರೀ ಶಿರೀಷಾಗೆ. ನಿನ್ನ ಕೈ ಸೇದೋಗ, ನಿನ್ನ ಮನೆ ಹಾಳಾಗ, ಹೆತ್ತ ಹೊಟ್ಟೆ ಏನಂತ ನಿನಗೆ ಗೊತ್ತೇನೇ ಅಂತ. ಮಗು ತಲೆ ತಗ್ಗಿಸಿ ನಿಂತಿತ್ತು. ಅಷ್ಟಕ್ಕೆ ಬಿಟ್ನಾ ಆ ಪುಣ್ಯಾತ್ಮ? ಒಂದು ಹಾಳೇಲಿ ಬರೆದು ತಂದ. 'ಇದು ಸಂಪೂರ್ಣ ನನ್ನ ತಪ್ಪು, ಯಾರ ಸೂಚನೆಯೂ ಇಲ್ಲದೆ ಮಾಡಿದ್ದೇನೆ.' ಸೈನ್ ಹಾಕು ಅಂದ. ಹಾಕಿದ್ರೆ ಕೆಲಸ ಹೋದಂಗೇ. ಕೆಲಸ ಹೋದ್ರೆ ಹೋಗ್ಲಿ, ಮುನ್ನೂರ ಹನ್ನೆರಡು ಮನೆಯೋರ ಶಾಪ ಜೀವಮಾನ ಪೂರ್ತಿ ಅವಳ ಹೆಸರಿಗೇ.

"ನಾನು ಹಾಕಲ್ಲ ಸಾರ್. ನಾನು ಎರಡ್ಸಲ ಕೇಳಿದ್ದೆ."

"ಸೈನ್ ಹಾಕೋವರೆಗೂ ಹೋಗಂಗಿಲ್ಲ."

ಕದಿರಮ್ಮ ಬೆಂಚಿನ ಮೇಲೆ ಕೂತ್ರು, ಡಬ್ಬಿ ತೊಡೆ ಮೇಲಿಟ್ಕೊಂಡು. "ನಾನೂ ಹೋಗಕಿಲ್ಲ" ಅಂದ್ರು. "ಕರೆದಿದ್ದೀರಲ್ಲ? ಬರ್ಲಿ ನನ್ನ ಮಗ. ಅವನು ಬರಗಂಟ ಇಲ್ಲೇ ಕೂರ್ತೀನಿ."

ಐದಾಯ್ತು. ಮಿಕ್ಕಿದೋರೆಲ್ಲಾ ಮನೆಗೆ ಹೋದ್ರು. ಆರಾಯ್ತು. ಮೂರೇ ಜನ. ಮೇಜಿನ ಮೇಲೆ ಸೈನ್ ಇಲ್ಲದ ಹಾಳೆ, ಪಕ್ಕದಲ್ಲಿ ಪೆನ್ನು. ಆರೂವರೆಗೆ ಕತ್ತಲಾಯ್ತು. ಟ್ಯೂಬ್‌ಲೈಟ್ ಗುಂಯ್ ಅಂತಿದೆ.

ಆಗ ಕೇಳಿಸ್ತು. ದೂರದಿಂದ ಬೈಕು. ಡುಗ್ ಡುಗ್ ಡುಗ್... ನಡುನಡುವೆ ಸಡಿಲ ಮಡ್‌ಗಾರ್ಡ್ ಬಡಿಯೋ ಸದ್ದು... ಟಣ್... ಟಣ್...

ಕದಿರಮ್ಮ ಎದ್ದು ನಿಂತ್ರು. "ಅದು ನನ್ನ ಮಗನ ಗಾಡಿ."

"ಯಾವ್ದೋ ಬೈಕಮ್ಮ" ಅಂದ ರಮೇಶ್‌ಬಾಬು.

"ಆ ಮಡ್‌ಗಾರ್ಡಿಗೆ ತಂತಿ ಕಟ್ಟಿಕೊಟ್ಟೋಳು ನಾನು. ನನಗೆ ಹೇಳ್ತೀಯಾ?"

ಬೈಕು ಕಾಂಪೌಂಡ್ ಒಳಗೆ ಬಂತು. ನಿಂತಿತು. ಸ್ಟಾಂಡ್ ಹಾಕಿದ ಸದ್ದು... ಟಕ್. ಕಿಟಕೀಲಿ ನೋಡಿದ್ರೆ ಕಾಂಪೌಂಡು ಖಾಲಿ.

ಆಮೇಲೆ ಮೆಟ್ಟು ಬಿಡೋ ಸದ್ದು. ಪಟ್ ಪಟ್. ಒಂದು ಜೊತೆ. ಮತ್ತೊಂದು. ಹವಾಯಿ ಚಪ್ಪಲಿ, ಎಕ್ಕಡ, ಮುದುಕರ ಊರುಗೋಲು ಕುಟ್ಟೋದು... ಟೊಕ್... ಟೊಕ್... ಯಾರೋ ಕೆಮ್ಮಿದ್ರು. ಯಾರದೋ ಬಳೆ ಸದ್ದು. ಹತ್ತಾಯ್ತು, ಐವತ್ತಾಯ್ತು... ಸಂತೆಗೆ ಜನ ಬಂದಂಗೆ ಬರ್ತಾನೇ ಇದಾರೆ. ಕಣ್ಣಿಗೆ ಒಂದು ಹುಳಾನೂ ಕಾಣ್ತಿಲ್ಲ.

ಪಕ್ಕದಲ್ಲೇ ಸಭೆಯ ಹಾಲು. ಬೀಗ ಹಾಕಿತ್ತು. ಒಳಗೆ ನಾಳೆ ಸಭೆಗೆ ತರಿಸಿದ ಬಾಡಿಗೆ ಪ್ಲಾಸ್ಟಿಕ್ ಕುರ್ಚಿ, ಒಂದರ ಮೇಲೊಂದು ಪೇರಿಸಿಟ್ಟಿದ್ದು. ಆ ಬೀಗ ಹಾಕಿದ ಹಾಲಲ್ಲಿ ಕುರ್ಚಿ ಬಿಡಿಸೋಕೆ ಶುರುವಾಯ್ತು. ಚರ್ಕ್... ಕಿರ್ರ್... ಚರ್ಕ್... ಕಿರ್ರ್... ಒಂದೊಂದಾಗಿ.

ಶಿರೀಷಾ ಕಿವಿ ಮುಚ್ಕೊಂಡ್ಲು. ರಮೇಶ್‌ಬಾಬು ಬಾಗಿಲ ಕಡೆ ಓಡಿದ, ಕಾರಿಗೆ. ಬಾಗಿಲು ತೆಗೀಲಿಲ್ಲ. ಎಳೆದ, ಒದ್ದ. ಊಹೂಂ. ಆಫೀಸಿಗೂ ಹಾಲಿಗೂ ನಡುವಿನ ಬಾಗಿಲು ಒಂದೇ ಉಳಿದಿದ್ದು. ಅದರ ಬೀಗದ ಕೈ ಅವನ ಜೇಬಲ್ಲೇ.

"ತೆಗಿ" ಅಂದ್ರು ಕದಿರಮ್ಮ.

"ಬೇಡಮ್ಮ..."

"ಕರೆದೋರಿಗೆ ಬಾಗ್ಲು ತೆಗೀಬೇಕು. ತೆಗಿ!"

ತೆಗೆದ. ಒಳಗೆ ಕತ್ತಲು. ಆಫೀಸಿನ ಬೆಳಕು ಬಿದ್ದಷ್ಟು ಕಾಣ್ತಿತ್ತು. ಕುರ್ಚಿಗಳೆಲ್ಲಾ ಸಾಲಾಗಿ ಹಾಕಿದೆ. ವೇದಿಕೆ ಕಡೆ ಅಲ್ಲ. ಎಲ್ಲವೂ ಈ ಬಾಗಿಲ ಕಡೆ, ರಮೇಶ್‌ಬಾಬು ನಿಂತಿದ್ದ ಕಡೆ ಮುಖ ಮಾಡಿದ್ವು. ಸದ್ದು ಪೂರ್ತಿ ನಿಂತೋಗಿತ್ತು. ಕೂತಿರೋರು ಉಸಿರು ಬಿಡೋದು ಮಾತ್ರ... ಉಸ್ಸ್... ಉಸ್ಸ್... ಸಿಟ್ಟಿನ ಉಸಿರು.

ಎಲ್ಲಾದರ ಹಿಂದಿಂದ, ಗೋಡೆ ಹತ್ತಿರದಿಂದ... ಚಿರ್... ಟಕ್.

ಅಷ್ಟೇ. ರಮೇಶ್‌ಬಾಬು ಎರಡೂ ಕೈ ಮುಗಿದ. "ಮುಖ್ತಾರ್... ನೀನು ಹೇಳಿದ್ದೆ ಮಾರಾಯ. ಚಿಕ್ಕಕ್ಷರದೋರು ಸತ್ತೋರು ಅಂತ ಹೇಳಿದ್ದೆ. ನಂಗೆ ಗೊತ್ತಿತ್ತು. ಆ ಹುಡುಗೀದೇನೂ ತಪ್ಪಿಲ್ಲ. ಎರಡು ದಿನದ ಕೆಲಸ ಅಂತ ನಾನೇ ಹಾಕು ಅಂದೆ."

ಕದಿರಮ್ಮ ಅವನನ್ನ ನೋಡಿದ್ರು. ಶಿರೀಷಾ ಹೇಳ್ತಾಳೆ, ಆ ಹಾಲಲ್ಲಿ ಕೂತಿದ್ದೋರಿಗಿಂತ ಆ ನೋಟಕ್ಕೇ ಹೆಚ್ಚು ಹೆದರಿದೆ ಅಂತ.

"ಗೊತ್ತಿದ್ದೂ ಕರೆದಾ? ಗೊತ್ತಿದ್ದೂ ಈ ಮಗಿಗೆ ನನ್ನ ಬಾಯಲ್ಲಿ ಶಾಪ ಹಾಕಿಸ್ದಾ?" ಡಬ್ಬಿ ಅವನ ಕೈಗೆ ತುರುಕಿದ್ರು. "ಕರೆದೋನು ನೀನು. ನೀನೇ ಇಡು ಎಡೆ."

ಇಟ್ಟ. ವಾಪಸ್ ಬಂದಿದ್ದ ಒಂದು ಲಕೋಟೆ ಹರಿದು ನೆಲದ ಮೇಲೆ ಹಾಸಿ, ಅದರ ಮೇಲೆ ಅನ್ನ, ವಡೆ ಬಡಿಸ್ದ. ತಪ್ಪಾಯ್ತು, ತಪ್ಪಾಯ್ತು ಅಂತ ಹಣೆ ನೆಲಕ್ಕೆ ಹಚ್ಚಿದ. ಕದಿರಮ್ಮ ಬಾಗಿಲ ಹತ್ರ 'ಅಮ್ಮ' ಅಂತ ಯಾರೋ ಕರೆದಂಗೆ ತಲೆ ಎತ್ತಿದ್ರು. ದನಿ ಇಳೀತು.

"ಹರೀ... ತಿಂದ್ಕೊಂಡು ಪೋ ನಾಯ್ನಾ, ಹೋಗಪ್ಪ. ಇವರನ್ನೆಲ್ಲಾ ಜೊತೇಲಿ ಕರ್ಕೊಂಡೋಗು. ಗಾಡಿ ನಿಧಾನಕ್ಕೆ ಓಡ್ಸು."

ಆಮೇಲೆ ಕುರ್ಚಿಗಳು ಹಿಂದಕ್ಕೆ ಸರಿದ ಸದ್ದು, ಎಲ್ಲಾ ಒಟ್ಟಿಗೆ. ಮೆಟ್ಟು ಹಾಕ್ಕೊಳ್ಳೋ ಸದ್ದು. ಕೊನೇಗೆ ಬೈಕು. ಡುಗ್ ಡುಗ್... ಟಣ್... ಟಣ್... ದೂರ ಹೋಗಿ ನಿಂತೋಯ್ತು.

ಕದಿರಮ್ಮ ಮೇಜಿನ ಮೇಲಿದ್ದ ಹಾಳೆ ಎತ್ತಿ ನಾಲ್ಕು ಚೂರು ಮಾಡಿದ್ರು. ಶಿರೀಷಾ ತಲೆ ಸವರಿ, "ನಾನು ಅಂದಿದ್ದೆಲ್ಲಾ ಹಿಂದಕ್ಕೆ ತಗೊಂಡೆ ಕಣಮ್ಮ, ನಿನ್ನ ಕೈ ತಣ್ಣಗಿರ್ಲಿ" ಅಂದ್ರು. ಹೊರಗಿನ ಬಾಗಿಲು ಈಗ ತಳ್ಳಿದ ತಕ್ಷಣ ತೆಗೀತು. ಇಬ್ಬರೂ ಎಂಟೂವರೆ ಬಸ್ಸಿಗೆ ಒಟ್ಟಿಗೆ ಬಂದ್ರು. ಇಳಿದಾಗ ನಾನೇ ಎದುರಿಗಿದ್ದೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೀನಿ. ಒಂದು ಮಾತು ಹೆಚ್ಚುಕಮ್ಮಿ ಇಲ್ಲ.

ಭಾನುವಾರ ಬೆಳಗ್ಗೆ ಸಭೆಗೆ ಮುಂಚೆ ಶಿರೀಷಾ ಕಂಪ್ಯೂಟರ್ ಹಾಕಿದಳು, ಆ ಹೆಸರುಗಳನ್ನ ಮತ್ತೆ ಚಿಕ್ಕಕ್ಷರ ಮಾಡೋಣ ಅಂತ. ಮಾಡೋ ಕೆಲಸವೇ ಇರ್ಲಿಲ್ಲ. ಎಲ್ಲಾ ಚಿಕ್ಕಕ್ಷರವೇ ಆಗಿತ್ತು. ಎಣಿಸಿದಳು. ಮುನ್ನೂರ ಹದಿಮೂರು.

"ಜಾಸ್ತಿ ಇದ್ದ ಒಂದು ಹೆಸರು ಯಾರ್ದು?" ಅಂತ ಎಷ್ಟು ಸಲ ಕೇಳಿದೀನಿ.

"ನೀನೇ ನೋಡ್ತಿದ್ಯಲ್ಲಣ್ಣ ದಿನಾ" ಅಂತಾಳೆ. ಅದಕ್ಕಿಂತ ಒಂದಕ್ಷರ ಮುಂದೆ ಹೋಗಲ್ಲ.

ಅವಳ ಕೆಲಸ ಖಾಯಂ ಆಯ್ತು. ಪಟ್ಟೀಲಿ ತೀರ್ಕೊಂಡೋರಿಗೆ ಅಂತ ಬೇರೆ ಕಾಲಮ್ಮು ಮಾಡಿಸಿದಾಳೆ. ರಮೇಶ್‌ಬಾಬೂನೂ ಚೆನ್ನಾಗೇ ಇದಾನೆ, ಸತ್ತಿಲ್ಲ ಗಿತ್ತಿಲ್ಲ. ಇವತ್ತು ಬೆಳಗ್ಗೆ ತಾನೇ ಅಂಗಡೀಲಿ ಇಡ್ಲಿ ತಿಂತಿದ್ದ.

ಆದ್ರೆ ಅವತ್ತಿಂದ ಅವನ ಹೆಸರಿಗೆ ಒಂದು ಕಾಗದ ಬಂದಿಲ್ಲ.

ನಗ್ಬೇಡಿ. ಅವನ ಮನೆ ನನ್ನ ದಾರೀಲೇ ಇರೋದು. ಬ್ಯಾಂಕಿನೋರದ್ದಿಲ್ಲ, ಎಲ್‌ಐಸಿಯೋರದ್ದಿಲ್ಲ. ಸ್ವಂತ ತಂಗಿ ಮಗಳ ಮದುವೆ ಪತ್ರಿಕೆ ಇಡೀ ಊರಿಗೆ ಹಂಚಿದೆ, ಅವನಿಗೆ ಇರ್ಲಿಲ್ಲ. ದಿನಾ ಹನ್ನೆರಡು ಗಂಟೆಗೆ ಆ ಹಸಿರು ಗೇಟಲ್ಲಿ ನಿಂತಿರ್ತಾನೆ. "ಏನಾದ್ರೂ ಇದ್ಯಾ ಬಯ್ಯಪ್ಪ?" "ಇಲ್ಲ ಸಾರ್." ನಾನೇ ಬಚ್ಚಿಡ್ತೀನಿ ಅಂತ ಮೇಲಿನೋರಿಗೆ ಕಂಪ್ಲೇಂಟ್ ಕೊಟ್ಟ. ಅವರು ಬಂದು ನನ್ನ ಚೀಲ ಸುರಿದು, ಮನೆ ಹುಡುಕಿ, ಏನೂ ಸಿಗದೆ ಕಾಫಿ ಕುಡಿದು ಹೋದ್ರು.

ಹೋದ ತಿಂಗಳು ಒಂದು ಕೆಲಸ ಮಾಡಿದ. ಹದಿನೈದು ಪೈಸೆಯ ಕಾಲದ ಮನುಷ್ಯನ ಥರ ಒಂದು ಪೋಸ್ಟ್ ಕಾರ್ಡು ತಗೊಂಡು, ನನ್ನ ಕಣ್ಣೆದುರಿಗೇ ತನ್ನ ಹೆಸರು, ತನ್ನ ವಿಳಾಸ ಬರೆದ. ಎಲ್ಲಾ ದೊಡ್ಡ ಎಬಿಸಿಡಿ. ನಮ್ಮೂರ ಡಬ್ಬಕ್ಕೇ ಹಾಕಿದ. ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸ್ತು... ತಪ್.

ಅವನು ಅಲ್ಲೇ ಕಟ್ಟೆ ಮೇಲೆ ಕೂತ, ಯಾರೂ ಡಬ್ಬ ಮುಟ್ಟದಂಗೆ ಕಾಯ್ಕೊಂಡು. ಸಂಜೆ ನಾಲ್ಕಕ್ಕೆ ಅವನೆದುರಿಗೇ ನಾನು ಬೀಗ ತೆಗೆದೆ. ನನ್ನ ಈ ಕೈಯಿಂದಲೇ ತೆಗೆದೆ. ಯಾವ ದೇವರ ಮೇಲೆ ಬೇಕಾದ್ರೂ ಆಣೆ ಇಡ್ತೀನಿ.

ಒಂಬತ್ತು ಕಾಗದ ಇತ್ತು. ಅವನ ಕಾರ್ಡು ಇರ್ಲಿಲ್ಲ.